ಸಂತೆಬೆನ್ನೂರಿನ ಹೊಂಡದ ದಂಡೆಯಲ್ಲಿ

ನೀರು ಮತ್ತು ಆರಾಧನಾಲಯ ಜೊತೆಜೊತೆಗೇ ಇರುವುದು ಶಿಕಾರಿಪುರ ಸೀಮೆಗೆ ಹೊಸದೇನಲ್ಲ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿರುವ ಕಂಬದ ಶಾಸನ ದಾಖಲಿಸುವುದು ಕದಂಬ ಕಾಕುಸ್ಥವರ್ಮನು ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನೇ. ಆದರೆ ಮೆಟ್ಟಿಲು ಕಟ್ಟಿದ ನೀರಿನ ದಂಡೆಯಲ್ಲಿ ನಿಂತ ಹಳೆಯ ಮಸೀದಿಯೊಂದನ್ನು ಕಾಣಬೇಕಾದರೆ ನಾವು ಅಲ್ಲಿಂದ ಪೂರ್ವಕ್ಕೆ ಹೊರಟು, ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿ, ಚನ್ನಗಿರಿ ತಾಲೂಕಿನ ಸಂತೆಬೆನ್ನೂರಿಗೆ ಬರಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಶಿಕಾರಿಪುರದಂತೆ ಇದೂ ಶಿವಮೊಗ್ಗ ಜಿಲ್ಲೆಯದೇ ಊರು.

ಊರೊಳಗೆ ಸಾಮಾನ್ಯ ಬೀದಿಗಳನ್ನು ದಾಟಿ ಹೋದವರಿಗೆ ಹೊಂಡ ಥಟ್ಟನೆ ಎದುರಾಗುತ್ತದೆ. ಒಂದೊಂದು ಬದಿಯೂ ಸುಮಾರು 250 ಅಡಿಯಷ್ಟಿದೆ. ಕಲ್ಲಿನ ಮೆಟ್ಟಿಲುಗಳು ಸಾಲುಸಾಲಾಗಿ ಕೆಳಗಿಳಿಯುತ್ತವೆ. ನಟ್ಟನಡುವೆ ವಸಂತ ಮಂಟಪ. ಅಂತಸ್ತಿನ ಮೇಲೆ ಅಂತಸ್ತಾಗಿ ಮೇಲೇರುತ್ತಾ ಕಿರಿದಾಗುವ ಅದರ ರೂಪ ಗೋಪುರವನ್ನು ನೆನಪಿಸಿದರೆ, ಕಮಾನುಗಳು ಬಿಜಾಪುರದ ಕಡೆಗೆ ಕೈ ತೋರಿಸುತ್ತವೆ. ದಂಡೆಯ ಸುತ್ತ ಎಂಟು ದಿಕ್ಕಿಗೆ ಎಂಟು ಚಿಕ್ಕ ಮಂಟಪಗಳಿದ್ದವು, ಎಲ್ಲವೂ ಉಳಿದಿಲ್ಲ. ಗಾಳಿಯಿಲ್ಲದ ಹೊತ್ತಿನಲ್ಲಿ ನೀರಿನೊಳಗೂ ಒಂದು ವಸಂತ ಮಂಟಪ ತಲೆಕೆಳಗಾಗಿ ನಿಂತಿರುತ್ತದೆ. ಅಲ್ಲೇ ಪಕ್ಕದಲ್ಲಿ, ಕಮಾನುಗಳನ್ನು ಹೊತ್ತ ಒಂದು ದೊಡ್ಡ ಕಲ್ಲಿನ ಕಟ್ಟಡ. ಊರವರು ಅದನ್ನು ಮುಸಾಫಿರ್‌ಖಾನೆ ಎನ್ನುತ್ತಾರೆ. ಹೊಂಡ ಮತ್ತು ಈ ಕಟ್ಟಡ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ.

ಈ ಕಟ್ಟಡ ಕಟ್ಟಿದ್ದು ಮಸೀದಿಯಾಗಿ. ಮುಸಾಫಿರ್‌ಖಾನೆ ಎಂದರೆ ದಾರಿಹೋಕರು ತಂಗುವ ಮನೆ. ಮಸೀದಿಗೆ ಛತ್ರದ ಹೆಸರು ಏಕೆ ಬಂತು?

ಹೊಂಡ, ಅರಮನೆ, ರಂಗನಾಥ ದೇವಾಲಯ ಇವೆಲ್ಲ ಸಂತೆಬೆನ್ನೂರಿನ ನಾಯಕರ ಕಾಲದವು. ಇವರು ವಿಜಯನಗರದ ಸಾಮಂತರಾಗಿ ಬೆಳೆದವರು. ಇದೇ ಮನೆತನ ಮುಂದೆ ತರೀಕೆರೆಯ ಪಾಳೆಯಗಾರರೆಂದು ಹೆಸರಾಯಿತು. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಈ ಭಾಗವನ್ನು ಗೆದ್ದಾಗ ರಂಗನಾಥ ದೇವಾಲಯವನ್ನು ಕೆಡವಿಸಿ, ಅದೇ ಜಾಗದಲ್ಲಿ ಮಸೀದಿ ಎಬ್ಬಿಸಿದನೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಆಮೇಲೆ ನಾಯಕನ ಕಡೆಯವರು ಸೇಡು ತೀರಿಸಿಕೊಂಡು ಮಸೀದಿಯನ್ನು ಅಪವಿತ್ರಗೊಳಿಸಿದರು, ಅಂದಿನಿಂದ ಅಲ್ಲಿ ನಮಾಜು ನಡೆಯಲಿಲ್ಲ ಎಂಬುದು ಬಾಯಿಂದ ಬಾಯಿಗೆ ಬಂದ ಮಾತು.

ಇಂಥ ಸ್ಥಳದಲ್ಲಿ ನಿಂತಾಗ ನಮ್ಮಲ್ಲಿ ಕೆಲವರಿಗೆ ಕಮಾನಿನ ಚೆಲುವನ್ನಷ್ಟೇ ಹೇಳಿ ಜಾರಿಕೊಳ್ಳುವ ಆಸೆಯಾಗುತ್ತದೆ. ಬೇರೆ ಕೆಲವರಿಗೆ ಇಡೀ ಚರಿತ್ರೆಯನ್ನು ಒಂದು ಗುಡಿಯ ಕೆಡವುವಿಕೆಗೆ ಇಳಿಸಿಬಿಡುವ ಆಸೆ. ಎರಡೂ ಬೇಡ. ಗುಡಿ ಕೆಡವಿದ್ದು ತಪ್ಪು. ಅದನ್ನು ತಪ್ಪೆಂದು ಹೇಳಲು ನಮಗೆ ಯಾರ ಒತ್ತಾಯವೂ ಬೇಕಿಲ್ಲ. ಜೆರುಸಲೇಮಿನಲ್ಲಿ ಇಗರ್ಜಿಯೊಳಗೆ ನಮಾಜು ಮಾಡಲು ಆಹ್ವಾನ ಬಂದಾಗ ಖಲೀಫ ಉಮರ್ (ರ) ಒಪ್ಪದೆ ಹೊರಗೆ ನಮಾಜು ಮಾಡಿದರೆಂಬ ಸಂಗತಿಯನ್ನು ನಾವು ಪ್ರವಚನಗಳಲ್ಲಿ ಹೆಮ್ಮೆಯಿಂದ ಕೇಳುತ್ತೇವೆ. ತಾನು ಒಳಗೆ ನಮಾಜು ಮಾಡಿದರೆ ಮುಂದಿನವರು ಅದನ್ನೇ ನೆಪಮಾಡಿ ಇಗರ್ಜಿಯನ್ನು ಮಸೀದಿ ಮಾಡಿಯಾರು ಎಂಬ ಅಂಜಿಕೆ ಅವರದು. ಆ ಅಳತೆಗೋಲನ್ನು ರಣದುಲ್ಲಾ ಖಾನನ ಮುಂದೆ ಮಡಚಿಡಲಾಗದು.

ಹಾಗೆಂದು ಆ ಯುದ್ಧಗಳು ಧರ್ಮಯುದ್ಧಗಳೂ ಆಗಿರಲಿಲ್ಲ. 1637ರ ಸುಮಾರಿಗೆ ಬಿಜಾಪುರದ ಸೇನೆ ಇಕ್ಕೇರಿಯ ವೀರಭದ್ರ ನಾಯಕನ ಮೇಲೆ ಬಂದಾಗ, ಅವನೊಡನೆ ಹಗೆಯಿದ್ದ ಬಸವಾಪಟ್ಟಣದ ಕೆಂಗ ಹನುಮ ನಾಯಕ ಬಿಜಾಪುರದ ಪಕ್ಷದಲ್ಲಿದ್ದ. ಬಸವಾಪಟ್ಟಣವೂ ಸಂತೆಬೆನ್ನೂರೂ ಒಂದೇ ಮನೆತನದ ನೆಲೆಗಳು. ಮುಂದೆ ಆತ ತಿರುಗಿಬಿದ್ದಾಗ ಅದೇ ಸೇನೆ ಅವನ ಮೇಲೂ ಏರಿಬಂತು. ರಣದುಲ್ಲಾ ಖಾನನ ಕರ್ನಾಟಕ ದಂಡಯಾತ್ರೆಯಲ್ಲಿ ಜೊತೆಗಿದ್ದ ದೊಡ್ಡ ಸರದಾರ ಯಾರು? ಶಿವಾಜಿಯ ತಂದೆ ಶಹಾಜಿ ಭೋಂಸ್ಲೆ. 1638ರಲ್ಲಿ ಗೆದ್ದ ಬೆಂಗಳೂರು ಅವನಿಗೇ ಜಹಗೀರಾಗಿ ಬಂತು. ಯಾರು ಯಾರ ಪಕ್ಷ ಎಂಬುದನ್ನು ಪೇಟ ನೋಡಿ ಹೇಳುವಂತಿರಲಿಲ್ಲ.

ಹೊಂಡಕ್ಕೆ ಮರಳೋಣ. ಬಿಜಾಪುರದವರಿಗೆ ನೀರಿನ ಮೇಲೆ ಬಲು ಪ್ರೀತಿ. ಇಬ್ರಾಹೀಂ ರೋಜಾದಲ್ಲಿ ಗೋರಿಯೂ ಮಸೀದಿಯೂ ಎದುರುಬದುರು ನಿಂತಿದ್ದರೆ ನಡುವೆ ಇರುವುದು ಒಂದು ಕೊಳ. ಮಸೀದಿಯ ಅಂಗಳದಲ್ಲಿ ವುಜೂಗೆ ಹೌಜು ಕಟ್ಟಿಸುವುದಂತೂ ವಾಡಿಕೆ. ಸಂತೆಬೆನ್ನೂರಿನಲ್ಲಿ ಅವರು ಹೌಜು ತೋಡಿಸಬೇಕಾಗಿರಲಿಲ್ಲ. ನಾಯಕರು ಕಟ್ಟಿಸಿದ್ದ ಹೊಂಡ ಕಣ್ಣಮುಂದೆಯೇ ಇತ್ತು. ಗುಡಿಯನ್ನು ಉಳಿಸದ ಕೈಗಳು ಹೊಂಡವನ್ನು ಕೆಡಿಸಲಿಲ್ಲ. ವಸಂತ ಮಂಟಪದ ಕಮಾನುಗಳನ್ನೂ ಮುಸಾಫಿರ್‌ಖಾನೆಯ ಕಮಾನುಗಳನ್ನೂ ಒಟ್ಟಿಗೆ ನೋಡಿದರೆ, ಎರಡೂ ಕಡೆಯ ಕಲ್ಲುಕುಟಿಗರು ಒಬ್ಬರ ಕೆಲಸವನ್ನು ಇನ್ನೊಬ್ಬರು ಬಲ್ಲವರೇ ಆಗಿದ್ದರೆಂದು ನಮಗೆ ಅನ್ನಿಸಿತು. ಹಂಪಿಯ ಕಮಲ ಮಹಲನ್ನು ಕಂಡವರಿಗೆ ಇದು ಅಚ್ಚರಿಯಲ್ಲ.

ಮಸೀದಿಯಾಗಿ ಉಳಿಯದ, ಮತ್ತೆ ಗುಡಿಯೂ ಆಗದ ಕಟ್ಟಡಕ್ಕೆ ಜನ ದಾರಿಹೋಕರ ಹೆಸರಿಟ್ಟು ಸುಮ್ಮನಾದರು. ನಾವೂ ಅದರ ನೆರಳಿನಲ್ಲಿ ಒಂದಿಷ್ಟು ಹೊತ್ತು ಕೂತಿದ್ದೆವು. ಅಸರ್ ನಮಾಜಿನ ವೇಳೆಯಾದಾಗ ಎದ್ದು, ಬೇರೆ ಮಸೀದಿ ಹುಡುಕಿಕೊಂಡು ಹೊರಟೆವು.