ಹಾವೇರಿ ಜಿಲ್ಲೆಯಲ್ಲಿ ಸರಕು ರೈಲು ವೀಕ್ಷಣೆ

ಸರಕು ರೈಲು ವೀಕ್ಷಣೆ ಎಂಬುದು ಸರಕು ಸಾಗಿಸುವ ರೈಲುಗಳನ್ನು ಗಮನಿಸಿ, ಅವುಗಳ ಎಂಜಿನ್ ಹಾಗೂ ವ್ಯಾಗನ್‌ಗಳನ್ನು ಗುರುತಿಸಿ, ದಾಖಲಿಸುವ ಅಥವಾ ಛಾಯಾಚಿತ್ರ ತೆಗೆಯುವ ಹವ್ಯಾಸವಾಗಿದೆ. ಆಡುಮಾತಿನಲ್ಲಿ ಈ ರೈಲುಗಳಿಗೆ ಗೂಡ್ಸ್ ಗಾಡಿ ಎಂಬ ಹೆಸರಿದೆ. ಹಾವೇರಿ ಜಿಲ್ಲೆಯಲ್ಲಿ ಹುಬ್ಬಳ್ಳಿ–ಬೆಂಗಳೂರು ಮಾರ್ಗವು ಈ ಹವ್ಯಾಸಕ್ಕೆ ಆಸ್ಪದ ನೀಡುತ್ತದೆ.

ಮಾರ್ಗ ಮತ್ತು ಸ್ಥಳಗಳು

ಹಾನಗಲ್ಲ, ಶಿಗ್ಗಾಂವಿ ಮತ್ತು ಹಿರೇಕೆರೂರು ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ಸವಣೂರಿನ ಹೆಸರಿನ ನಿಲ್ದಾಣವಿದ್ದರೂ ಅದು ಪಟ್ಟಣದಿಂದ ದೂರದಲ್ಲಿ, ಪೂರ್ವದಿಕ್ಕಿನಲ್ಲಿದೆ. ಹೀಗಾಗಿ ಈ ನಾಲ್ಕೂ ಊರುಗಳ ಆಸಕ್ತರು ಗೂಡ್ಸ್ ಗಾಡಿ ನೋಡಲು ಊರು ಬಿಟ್ಟು ಹೋಗಬೇಕಾಗುತ್ತದೆ. ಹುಬ್ಬಳ್ಳಿಯಿಂದ ಬರುವ ಮಾರ್ಗವು ಕುಂದಗೋಳ, ಗುಡಗೇರಿ, ಯಲವಿಗಿ, ಸವಣೂರು, ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೂಲಕ ಹರಿಹರವನ್ನು ಸೇರುತ್ತದೆ. ಸವಣೂರು ಮತ್ತು ಹಾವೇರಿಗಳ ನಡುವೆ ಅದು ವರದಾ ನದಿಯನ್ನು ದಾಟುತ್ತದೆ. ಶಿಗ್ಗಾಂವಿ, ಸವಣೂರಿನವರಿಗೆ ಯಲವಿಗಿ, ಹಾನಗಲ್ಲಿನವರಿಗೆ ಹಾವೇರಿ, ಹಿರೇಕೆರೂರಿನವರಿಗೆ ಬ್ಯಾಡಗಿ ಅಥವಾ ರಾಣೆಬೆನ್ನೂರು ಅನುಕೂಲಕರ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗವು ಪೂರ್ಣಗೊಂಡರೆ ಹಿರೇಕೆರೂರು ಸೀಮೆಗೆ ಹಳಿ ಹತ್ತಿರವಾಗಲಿದೆ.

ಪ್ರಯಾಣಿಕರ ರೈಲಿನಂತೆ ಸರಕು ರೈಲಿಗೆ ಸಾರ್ವಜನಿಕ ವೇಳಾಪಟ್ಟಿ ಇರುವುದಿಲ್ಲ. ಲೆವೆಲ್ ಕ್ರಾಸಿಂಗ್‌ನ ಗೇಟು ಬೀಳುವುದು ಮತ್ತು ಸಿಗ್ನಲ್ ಬದಲಾಗುವುದು, ಇವೆರಡೇ ವೀಕ್ಷಕನಿಗೆ ದೊರೆಯುವ ಮುನ್ಸೂಚನೆ. ವೇಗದ ರೈಲಿಗೆ ದಾರಿ ಬಿಡಲು ಗೂಡ್ಸ್ ಗಾಡಿಯನ್ನು ಲೂಪ್ ಹಳಿಯಲ್ಲಿ ನಿಲ್ಲಿಸಿದಾಗ, ವ್ಯಾಗನ್‌ಗಳ ಬರಹಗಳನ್ನು ಪ್ಲಾಟ್‌ಫಾರ್ಮ್‌ನಿಂದಲೇ ನಿಧಾನವಾಗಿ ಓದಬಹುದು. ಇಲ್ಲಿ ಹಳಿಯು ಬಹುಮಟ್ಟಿಗೆ ಉತ್ತರ–ದಕ್ಷಿಣವಾಗಿ ಸಾಗುವುದರಿಂದ ಬೆಳಗ್ಗೆ ಪೂರ್ವ ಬದಿಯಿಂದಲೂ ಸಂಜೆ ಪಶ್ಚಿಮ ಬದಿಯಿಂದಲೂ ಚಿತ್ರಕ್ಕೆ ಒಳ್ಳೆಯ ಬೆಳಕು ಸಿಗುತ್ತದೆ. ಮಳೆಗಾಲದ ಕೊನೆಯಲ್ಲಿ ಎತ್ತರಕ್ಕೆ ಬೆಳೆದ ಮೆಕ್ಕೆಜೋಳವು ಹೊಲದಂಚಿನ ನೋಟವನ್ನು ಮರೆಮಾಡುವುದುಂಟು.

ಗುರುತಿಸುವ ಕ್ರಮ

ಎಂಜಿನ್‌ನ ಹೆಸರಿನಲ್ಲಿಯೇ ಅದರ ಪರಿಚಯ ಅಡಗಿದೆ. ಡಬ್ಲ್ಯುಡಿಜಿ-4 ಎಂಬಲ್ಲಿ ಡಬ್ಲ್ಯು ಬ್ರಾಡ್‌ಗೇಜನ್ನು, ಡಿ ಡೀಸೆಲನ್ನು, ಜಿ ಸರಕನ್ನು ಸೂಚಿಸುತ್ತವೆ. ಡಬ್ಲ್ಯುಎಜಿ-9 ಎಂಬಲ್ಲಿನ ಎ ಅಕ್ಷರವು ಪರ್ಯಾಯ ವಿದ್ಯುತ್ತಿನ ಸಂಕೇತ. ಮೀಟರ್‌ಗೇಜ್ ಕಾಲದಲ್ಲಿ ಸರಕು ಎಳೆಯುತ್ತಿದ್ದ ವೈಜಿ ಎಂಬ ಉಗಿ ಎಂಜಿನ್‌ನ ಹೆಸರಿನಲ್ಲಿ ವೈ ಎಂದರೆ ಮೀಟರ್‌ಗೇಜ್. ಈ ಮಾರ್ಗವು 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ನಂತರದ ವರ್ಷಗಳಲ್ಲಿ ಹುಬ್ಬಳ್ಳಿ ಡೀಸೆಲ್ ಶೆಡ್‌ನ ಎಂಜಿನ್‌ಗಳು ಈ ಭಾಗದ ಜನರಿಗೆ ಚಿರಪರಿಚಿತವಾದವು.

ವ್ಯಾಗನ್‌ಗಳಲ್ಲಿ ತೆರೆದ ಬಾಕ್ಸ್‌ಎನ್ ಕಲ್ಲಿದ್ದಲು ಮತ್ತು ಅದಿರಿಗೆ, ಮುಚ್ಚಿದ ಬಿಸಿಎನ್ ಧಾನ್ಯ, ಗೊಬ್ಬರ ಮತ್ತು ಸಿಮೆಂಟಿಗೆ, ಬಿಟಿಪಿಎನ್ ಟ್ಯಾಂಕ್ ಪೆಟ್ರೋಲಿಯಂ ಉತ್ಪನ್ನಗಳಿಗೆ, ಚಪ್ಪಟೆಯಾದ ಬಿಎಲ್‌ಸಿ ಕಂಟೇನರುಗಳಿಗೆ ಬಳಕೆಯಾಗುತ್ತವೆ. ಮೊದಲ ಮೂರರ ಕೊನೆಯ ಎನ್ ಅಕ್ಷರವು ಗಾಳಿಯೊತ್ತಡದ ಬ್ರೇಕನ್ನು ಸೂಚಿಸುತ್ತದೆ. ಪ್ರತಿ ವ್ಯಾಗನ್ನಿಗೆ 11 ಅಂಕಿಗಳ ಸಂಖ್ಯೆಯಿದ್ದು, ಮೊದಲ ಎರಡು ವ್ಯಾಗನ್ನಿನ ಬಗೆಯನ್ನೂ ಮುಂದಿನ ಎರಡು ಒಡೆತನದ ರೈಲ್ವೆಯನ್ನೂ ಐದು ಮತ್ತು ಆರನೆಯವು ತಯಾರಾದ ವರ್ಷವನ್ನೂ ತಿಳಿಸುತ್ತವೆ. ಬಳಿಕದ ನಾಲ್ಕು ಕ್ರಮಸಂಖ್ಯೆ. ಕೊನೆಯದು ತಾಳೆ ನೋಡುವ ಅಂಕಿ. ಇದನ್ನು ಬಲ್ಲ ವಿದ್ಯಾರ್ಥಿಯು ನಿಂತ ಗಾಡಿಯೊಂದನ್ನು ನೋಡಿಯೇ ವ್ಯಾಗನ್‌ಗಳ ವಯಸ್ಸನ್ನು ಹೇಳಬಲ್ಲನು. ರೈಲಿನ ಕೊನೆಯಲ್ಲಿರುವ ಬ್ರೇಕ್‌ವ್ಯಾನ್‌ನಲ್ಲಿ ಪ್ರಯಾಣಿಸುವ ಗಾರ್ಡ್ ಹುದ್ದೆಗೆ 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರಿದೆ.

ಸುರಕ್ಷತೆ ಮತ್ತು ಕಾನೂನು

ಜೋಡಿಹಳಿ ಮತ್ತು ವಿದ್ಯುದೀಕರಣದಿಂದ ಈ ಹವ್ಯಾಸದ ಅಪಾಯಗಳ ಸ್ವರೂಪ ಬದಲಾಗಿದೆ. ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು 2023ರ ಜೂನ್ 27ರಂದು ಇದೇ ಮಾರ್ಗದಲ್ಲಿ ಆರಂಭವಾಯಿತು. ಜೋಡಿಹಳಿಯಲ್ಲಿ ಉದ್ದನೆಯ ಗೂಡ್ಸ್ ಗಾಡಿಯು ಆಚೆ ಹಳಿಯಲ್ಲಿ ಬರುತ್ತಿರುವ ರೈಲನ್ನು ಮರೆಮಾಡುತ್ತದೆ. ಅದರ ಸದ್ದಿನಲ್ಲಿ ಇನ್ನೊಂದರ ಸದ್ದು ಕೇಳಿಸದು. ಒಂದು ಗಾಡಿ ಹಾದುಹೋದ ತಕ್ಷಣ ಹಳಿ ದಾಟುವುದು ಈ ಕಾರಣದಿಂದಲೇ ಮಾರಕ.

ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುತ್ತದೆ. ಅಷ್ಟು ಅಧಿಕ ಒತ್ತಡದ ವಿದ್ಯುತ್ತು ತಂತಿಯನ್ನು ಮುಟ್ಟದಿದ್ದರೂ ಗಾಳಿಯ ಮೂಲಕ ಮೈಗೆ ಹಾಯಬಲ್ಲದು; ಎರಡು ಮೀಟರ್ ಒಳಗೆ ಹೋಗಬಾರದೆಂಬುದು ರೈಲ್ವೆಯ ಸಾಮಾನ್ಯ ಎಚ್ಚರಿಕೆ. ನಿಂತ ವ್ಯಾಗನ್ನಿನ ಮೇಲೇರಿ ಸೆಲ್ಫಿ ತೆಗೆಯಲು ಹೋದ ಯುವಕರು ಸುಟ್ಟು ಸತ್ತ ಘಟನೆಗಳು ದೇಶದ ಹಲವೆಡೆ ನಡೆದಿವೆ. ಲೋಹದ ಸೆಲ್ಫಿ ಕೋಲನ್ನು ಮೇಲ್ಸೇತುವೆಯಿಂದ ಚಾಚುವುದೂ ಅಷ್ಟೇ ಅಪಾಯಕಾರಿ.

ಅನುಮತಿಯಿಲ್ಲದೆ ಹಳಿ ಅಥವಾ ಯಾರ್ಡ್ ಪ್ರವೇಶಿಸುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಪ್ಲಾಟ್‌ಫಾರ್ಮ್‌ಗೆ ಹೋಗಲು ಪ್ರಯಾಣದ ಟಿಕೆಟ್ ಇಲ್ಲವೇ ಪ್ಲಾಟ್‌ಫಾರ್ಮ್ ಟಿಕೆಟ್ ಬೇಕು. ವಾಣಿಜ್ಯ ಚಿತ್ರೀಕರಣಕ್ಕೆ ರೈಲ್ವೆ ಆಡಳಿತದ ಪೂರ್ವಾನುಮತಿ ಅಗತ್ಯ. ಹೊಲದ ಬದುವಿನಿಂದ ಚಿತ್ರ ತೆಗೆಯುವವರು ಹೊಲದ ಮಾಲೀಕರ ಒಪ್ಪಿಗೆ ಪಡೆಯುವುದು ರೂಢಿ.