ಕರ್ನಾಟಕದ ಮನೆಗಳಲ್ಲಿ ರೇಡಿಯೊ, ದೂರವಾಣಿ, ಟಿ.ವಿ.

ಕರ್ನಾಟಕಕ್ಕೆ ಟಿ.ವಿ. ಬಂದದ್ದು ಯಾವಾಗ ಎಂದು ಹುಡುಕಿದರೆ ಆಕರಗಳಲ್ಲಿ ಮೂರು ಉತ್ತರ ಸಿಗುತ್ತವೆ: 1975, 1977, 1981. ಮೂರೂ ಸರಿ. ಮೊದಲನೆಯದು ಹಳ್ಳಿಯ ಶಾಲೆಯಂಗಳದ ವರ್ಷ, ಎರಡನೆಯದು ಕಲಬುರಗಿಯದು, ಮೂರನೆಯದು ಬೆಂಗಳೂರಿನದು. ರೇಡಿಯೊ ಮತ್ತು ದೂರವಾಣಿಯ ಚರಿತ್ರೆಯಲ್ಲೂ ಇದೇ ತೊಡಕಿದೆ. ಕೇಂದ್ರಗಳ ಉದ್ಘಾಟನೆಯ ದಿನ ಎಲ್ಲ ಕಡೆ ಅಚ್ಚಾಗಿದೆ. ಆದರೆ ಪೆಟ್ಟಿಗೆ ಹೊಸ್ತಿಲು ದಾಟಿ ಒಳಗೆ ಬಂದದ್ದು ವಿದ್ಯುತ್ತು, ಬೆಲೆ, ಲೈಸೆನ್ಸು, ಪ್ರೇಷಕದ ಶಕ್ತಿ ಇವೆಲ್ಲ ಕೂಡಿಬಂದಾಗ ಮಾತ್ರ. ಈ ಚರಿತ್ರೆಯನ್ನು ಮನೆಯೊಳಗಿನಿಂದ ನೋಡಿದರೆ ಮುಖ್ಯ ವರ್ಷಗಳೇ ಬದಲಾಗುತ್ತವೆ.

ಮೈಸೂರಿನಲ್ಲಿ ಪ್ರಸಾರ ಹುಟ್ಟಿದ್ದೇ ಒಂದು ಮನೆಯಲ್ಲಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ವಾಸದ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಪ್ರೇಷಕದ ಶಕ್ತಿಯನ್ನು ಕೆಲವರು 30 ವಾಟ್ ಎಂದೂ ಕೆಲವರು 250 ವಾಟ್ ಎಂದೂ ಬರೆದಿದ್ದಾರೆ. ಮೊದಲು ಬಳಸಿದ್ದು ಚಿಕ್ಕದು, ದೊಡ್ಡದು ಆಮೇಲೆ ಬಂದದ್ದು ಎಂದುಕೊಂಡರೆ ಎರಡು ಹೇಳಿಕೆಗಳೂ ಹೊಂದುತ್ತವೆ. ರೇಡಿಯೊಗೆ ‘ಆಕಾಶವಾಣಿ’ ಎಂದು ಹೆಸರಿಟ್ಟವರು ಯಾರು ಎಂಬ ವಾದ ಇನ್ನೂ ಮುಗಿದಿಲ್ಲ. ಗೋಪಾಲಸ್ವಾಮಿಯವರ ಹೆಸರಿನ ಜೊತೆಗೆ ಲೇಖಕ ನಾ. ಕಸ್ತೂರಿಯವರ ಹೆಸರೂ ಕೇಳಿಬರುತ್ತದೆ. ಕೋಲ್ಕತ್ತದ ಬರಹಗಳು ರವೀಂದ್ರನಾಥ ಠಾಕೂರರನ್ನು ಮುಂದಿಡುತ್ತವೆ. ಆ ಪದವಿರುವ ಅವರ ಕವಿತೆ 1938ರದು, ಮೈಸೂರಿನ ಬಳಕೆ ಅದಕ್ಕಿಂತ ಹಳೆಯದು. ಒಬ್ಬ ಅಧ್ಯಾಪಕ ಸರ್ಕಾರದ ಆದೇಶಕ್ಕೆ ಕಾಯದೆ, ಸ್ವಂತ ಹಣ ಹಾಕಿ ಕನ್ನಡದ ಮಾತು ಮತ್ತು ಸಂಗೀತವನ್ನು ಗಾಳಿಗೆ ಬಿಟ್ಟದ್ದು ಹೆಸರಿನ ವಾದಕ್ಕಿಂತ ದೊಡ್ಡ ಸಂಗತಿ. ಆಮೇಲೆ ಮೈಸೂರು ಸಂಸ್ಥಾನ ಈ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊಗೆ ಸೇರಿತು, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಧಾರವಾಡದ ಕೇಂದ್ರ 1950ರಲ್ಲೇ ಕೆಲಸ ಶುರುಮಾಡಿತ್ತು.

ಆ ಕಾಲದ ವಾಲ್ವ್ ರೇಡಿಯೊ ದುಬಾರಿ, ಭಾರವಾದ ಮರದ ಪೆಟ್ಟಿಗೆ. ಊರಿಗೆ ಒಂದೋ ಎರಡೋ ಇರುತ್ತಿದ್ದವು, ವಾರ್ತೆಯ ಹೊತ್ತಿಗೆ ಆ ಮನೆಯ ಜಗಲಿ ತುಂಬುತ್ತಿತ್ತು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪಡೆದು ವರ್ಷ ವರ್ಷ ಹಣ ಕಟ್ಟಬೇಕಿತ್ತು. ಬಹುಕಾಲ ಆ ಶುಲ್ಕ 15 ರೂಪಾಯಿ. 1980ರ ದಶಕದ ಮಧ್ಯದವರೆಗೂ ಈ ಪದ್ಧತಿ ನಡೆಯಿತು. ಹಲವು ಬರಹಗಳು ಲೈಸೆನ್ಸ್ ಸಂಖ್ಯೆಯನ್ನೇ ಕೇಳುಗರ ಸಂಖ್ಯೆ ಎಂದು ಎಣಿಸಿವೆ. ಇದು ದೊಡ್ಡ ತಪ್ಪು. ಜಗಲಿಯಲ್ಲಿ ಕೂತ ನೆರೆಯವರು ಆ ಲೆಕ್ಕದಲ್ಲಿಲ್ಲ, ಲೈಸೆನ್ಸ್ ಮಾಡಿಸದೆ ಕೇಳಿದವರೂ ಇಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು ಯಾವ ಕೇಂದ್ರವೂ ಅಲ್ಲ, ಟ್ರಾನ್ಸಿಸ್ಟರ್. ಇದರಲ್ಲಿ ಬೆಂಗಳೂರಿನ ಪಾಲೂ ಇದೆ. 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರೇಷಕಗಳು ಅಲ್ಲೇ ಸಿದ್ಧವಾದವು. ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರ್‌ಗೆ ಕರೆಂಟು ಬೇಕಿರಲಿಲ್ಲ. ಹಾಗಾಗಿ ರೇಡಿಯೊ ನಡುಮನೆಯ ಕಪಾಟಿನಿಂದ ಇಳಿದು ಅಡುಗೆಮನೆಗೆ, ಕಣಕ್ಕೆ, ಹಟ್ಟಿಗೆ ಹೋಯಿತು. ಯಜಮಾನನ ಅಪ್ಪಣೆಗೆ ಕಾಯದೆ ಹೆಂಗಸರು ತಾವೇ ಗುಂಡಿ ತಿರುಗಿಸಿ ಕೇಂದ್ರ ಆರಿಸುವಂತಾದದ್ದು ಈ ಹಂತದಲ್ಲಿ. ಬೆಳಗಿನ 7.35ರ ವಾರ್ತೆ ಎಷ್ಟೋ ಮನೆಗಳಲ್ಲಿ ಗಡಿಯಾರದ ಕೆಲಸವನ್ನೂ ಮಾಡಿತು. ಅದು ಮುಗಿಯುವುದರೊಳಗೆ ಮಕ್ಕಳ ಸ್ನಾನ ಆಗಿರಬೇಕಿತ್ತು. ಧಾರವಾಡದಲ್ಲಿ ದ.ರಾ. ಬೇಂದ್ರೆ ಸಲಹೆಗಾರರಾಗಿದ್ದರು, ಎನ್ಕೆ ಕುಲಕರ್ಣಿ ಕಾರ್ಯಕ್ರಮ ರೂಪಿಸುತ್ತಿದ್ದರು. ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿ ‘ರೇಡಿಯೊ ಈರಣ್ಣ’ನಾಗಿ ಮನೆಮಾತಾದರು. ಯಮುನಾ ಮೂರ್ತಿ, ಎನ್.ಎಸ್. ವಾಮನ್ ಅವರನ್ನು ನೋಡದವರೂ ನಾಟಕಗಳಲ್ಲಿ ಅವರ ದನಿ ಗುರುತಿಸುತ್ತಿದ್ದರು.

1976ರಲ್ಲಿ ಮಂಗಳೂರು ಕೇಂದ್ರ ಶುರುವಾದ ಮೇಲೆ ತುಳು, ಕೊಂಕಣಿಗಳೂ, 1993ರಲ್ಲಿ ಮಡಿಕೇರಿ ಕೇಂದ್ರ ಬಂದ ಮೇಲೆ ಕೊಡವ, ಅರೆಭಾಷೆಗಳೂ ರೇಡಿಯೊದಲ್ಲಿ ಕೇಳಿಸಿದವು. ಮನೆಯಲ್ಲಿ ಆಡುವ ನುಡಿ ಪೆಟ್ಟಿಗೆಯಿಂದಲೂ ಬರುತ್ತದೆ ಎಂಬುದು ಆ ಮನೆಗಳಿಗೆ ಸಣ್ಣ ವಿಷಯವಾಗಿರಲಿಲ್ಲ.

ಟಿ.ವಿ.ಯ ಚರಿತ್ರೆಯಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾದದ್ದು 1975ರ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಬಳಕೆಗೆ ಕೊಟ್ಟಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಸ್ರೊ ಮತ್ತು ಆಕಾಶವಾಣಿ ಸೇರಿ ಕಾರ್ಯಕ್ರಮ ಮುಟ್ಟಿಸಿದವು. ಇದೇ ‘ಸೈಟ್’, ಅಂದರೆ ಉಪಗ್ರಹದ ಮೂಲಕ ಬೋಧನೆಯ ಟಿ.ವಿ. ಪ್ರಯೋಗ. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ಬೆಂಗಳೂರಿನ ಸಿರಿವಂತರ ಮನೆಯಲ್ಲೂ ಟಿ.ವಿ. ಇಲ್ಲದ ಹೊತ್ತಿನಲ್ಲಿ ಈ ಬರಡು ಸೀಮೆಯ ಹಳ್ಳಿಗರು ಅದನ್ನು ನೋಡಿದರು. ಶಾಲೆಯ ಅಥವಾ ಪಂಚಾಯಿತಿ ಕಟ್ಟಡದ ಮುಂದೆ ಸುಮಾರು ಹತ್ತು ಅಡಿ ಅಗಲದ, ತಂತಿ ಬಲೆಯ ಬುಟ್ಟಿಯಾಕಾರದ ಆಂಟೆನಾ ನಿಂತಿತ್ತು. ಬೆಳಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ವ್ಯವಸಾಯ, ಆರೋಗ್ಯ, ಕುಟುಂಬ ಯೋಜನೆ ಮುಖ್ಯ ವಿಷಯಗಳು.

ಇಸ್ರೊ ಕೆಲವು ಹಳ್ಳಿಗಳಿಗೆ ಮಾನವಶಾಸ್ತ್ರಜ್ಞರನ್ನೂ ಕಳಿಸಿ, ಅವರು ಅಲ್ಲೇ ವಾಸಮಾಡಿ ಗಮನಿಸುವಂತೆ ಏರ್ಪಾಡು ಮಾಡಿತ್ತು. ಮೊದಲ ವಾರಗಳ ನೂಕುನುಗ್ಗಲು ಇಳಿದ ಮೇಲೂ ಒಂದೊಂದು ಪೆಟ್ಟಿಗೆಯ ಮುಂದೆ ನೂರರ ಆಸುಪಾಸಿನಲ್ಲಿ ಜನ ಸೇರುತ್ತಿದ್ದರು. ಆರೋಗ್ಯದ ತಿಳಿವಳಿಕೆ ಹೆಂಗಸರಲ್ಲಿ ಹೆಚ್ಚು ಬೆಳೆಯಿತು ಎಂಬುದು ಅಧ್ಯಯನಗಳ ಗಮನಾರ್ಹ ಮಾತು. ವರ್ಷ ತುಂಬಿತು, ಉಪಗ್ರಹವನ್ನು ನಾಸಾ ಹಿಂದಕ್ಕೆ ಪಡೆಯಿತು. 1977ರಲ್ಲಿ ಕಲಬುರಗಿಯಲ್ಲಿ ನೆಲದ ಪ್ರೇಷಕ ನಿಂತದ್ದು ಆ ಕಾರ್ಯಕ್ರಮಗಳನ್ನು ಮುಂದುವರಿಸಲೆಂದೇ. ಅದು ಬೆಂಗಳೂರಿಗಿಂತ ನಾಲ್ಕು ವರ್ಷ ಮುಂಚೆ. ರಾಜ್ಯದ ಟಿ.ವಿ. ಚರಿತ್ರೆಯನ್ನು ರಾಜಧಾನಿಯಿಂದ ಆರಂಭಿಸುವ ಬರಹಗಳು ಈ ಜಿಲ್ಲೆಗಳಿಗೆ ಅನ್ಯಾಯ ಮಾಡಿವೆ. ಆದರೂ ಒಂದು ಭೇದ ಉಳಿಯುತ್ತದೆ. ಸೈಟ್‌ನ ಟಿ.ವಿ. ಊರಿನದಾಗಿತ್ತು, ಮನೆಯದಾಗಿರಲಿಲ್ಲ. ಮನೆಯ ಟಿ.ವಿ. 1981ರ ನವೆಂಬರ್ 1ರ ಬೆಂಗಳೂರು ದೂರದರ್ಶನದ ನಂತರದ್ದು. 1984ರ ಸುಮಾರಿಗೆ ದೇಶದುದ್ದಕ್ಕೂ ಮರುಪ್ರಸಾರ ಕೇಂದ್ರಗಳು ಏಳತೊಡಗಿದ ಮೇಲೆ ಅದು ಸಣ್ಣ ಪಟ್ಟಣಗಳನ್ನೂ ಮುಟ್ಟಿತು.

ಆ ಬಳಿಕದ ಕತೆ ಎಲ್ಲರಿಗೂ ಗೊತ್ತಿರುವಂಥದ್ದು. 1987ರಲ್ಲಿ ಆರಂಭವಾದ ‘ರಾಮಾಯಣ’ ಭಾನುವಾರದ ಬೆಳಗನ್ನು ಹಿಡಿದುಕೊಂಡಿತು. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಅನ್ನು ಕನ್ನಡಿಗರು ಹಿಂದಿಯಲ್ಲಿ ನೋಡಿದರು. ನಟ ಚಂದ್ರು ಅವರ ಹೆಸರಿಗೆ ‘ಸಿಹಿಕಹಿ’ ಧಾರಾವಾಹಿ ಶಾಶ್ವತವಾಗಿ ಅಂಟಿಕೊಂಡಿತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ ಎಂಬ ಖಾಸಗಿ ವಾಹಿನಿಗಳು ಬಂದವು. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ದಿಂದ ಮೊದಲ್ಗೊಂಡು ದಿನದ ಧಾರಾವಾಹಿ ಸಂಜೆಯ ಕೆಲಸದ ವೇಳಾಪಟ್ಟಿಯನ್ನೇ ಬದಲಿಸಿತು. ದೂರದರ್ಶನದ ಕನ್ನಡ ವಾಹಿನಿ ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಅಜ್ಜ-ಮೊಮ್ಮಕ್ಕಳು ಒಟ್ಟಿಗೆ ಕೂತು ಉತ್ತರ ಹೇಳುವ ಕಾರ್ಯಕ್ರಮವಾಗಿ ಬೆಳೆಯಿತು.

ದೂರವಾಣಿಯ ವಿಷಯ ಇನ್ನೂ ವಿಚಿತ್ರ. ದೇಶಕ್ಕೆ ಫೋನು ತಯಾರಿಸುವ ಐಟಿಐ ಕಾರ್ಖಾನೆ 1948ರಿಂದ ಬೆಂಗಳೂರಿನಲ್ಲೇ ಇತ್ತು, ಅದರ ಬಡಾವಣೆಯ ಹೆಸರೇ ದೂರವಾಣಿನಗರ. ಆದರೂ ಅರ್ಜಿ ಹಾಕಿದ ಕುಟುಂಬಗಳು ವರ್ಷಗಟ್ಟಲೆ ಕಾದವು. ಕೊರತೆಯಿದ್ದದ್ದು ವಿನಿಮಯ ಕೇಂದ್ರಗಳಲ್ಲಿ. ಹಳ್ಳಿಯ ಧೂಳು, ಸೆಕೆಗಳನ್ನು ತಾಳಿಕೊಂಡು, ಹವಾನಿಯಂತ್ರಣವಿಲ್ಲದೆ ಕೆಲಸ ಮಾಡುವ 128 ಮಾರ್ಗಗಳ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ಸಿ-ಡಾಟ್ ಸಂಸ್ಥೆ ರೂಪಿಸಿತು. ಅದು ಮೊದಲು ಚಾಲನೆಗೊಂಡದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿಗೆ ಈ ಎರಡನೆಯ ಹೆಗ್ಗಳಿಕೆ ಇರುವುದು ಪಠ್ಯಪುಸ್ತಕಗಳಲ್ಲಿಯೂ ಬರಬೇಕಾದ ವಿಷಯ. ಆಮೇಲೆ ಎಸ್‌ಟಿಡಿ ಬೂತು, 90ರ ದಶಕದ ನಡುವಿನಲ್ಲಿ ಮೊಬೈಲ್, 2016ರ ನಂತರ ಅಗ್ಗದ ಡೇಟಾ.

ಮತ್ತೆ ರೇಡಿಯೊಗೆ ಬಂದರೆ, ಗಮನಿಸಬೇಕಾದ ಒಂದು ಪ್ರಯೋಗ ಬೂದಿಕೋಟೆಯದು. ಹೈದರಾಲಿ ಹುಟ್ಟಿದ ಈ ಊರು ಕೋಲಾರ ಜಿಲ್ಲೆಯಲ್ಲಿದೆ. ಪ್ರಸಾರ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಹಳ್ಳಿಯ ಸಂಘಗಳಿಗೆ ಪ್ರಸಾರದ ಪರವಾನಗಿ ಇರಲಿಲ್ಲ. ವಾಯ್ಸಸ್, ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಕಟ್ಟಿದ ‘ನಮ್ಮ ಧ್ವನಿ’ ಇದಕ್ಕೊಂದು ದಾರಿ ಕಂಡುಕೊಂಡಿತು: ಹೆಂಗಸರೇ ಧ್ವನಿಮುದ್ರಿಸಿದ ಕಾರ್ಯಕ್ರಮವನ್ನು ಕೇಬಲ್ ತಂತಿಯ ಮೂಲಕ ಮನೆಮನೆಯ ಟಿ.ವಿ.ಗೆ ಕಳಿಸುವುದು. ರೇಡಿಯೊ ಟಿ.ವಿ.ಯಲ್ಲಿ ಕೇಳಿಸಿತು. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ಅನುಮತಿ ಸಿಕ್ಕಿದ್ದು 2006ರಲ್ಲಿ. ಅತ್ತ ಖಾಸಗಿ ಎಫ್ಎಂಗೆ ಬೆಂಗಳೂರಿನಲ್ಲಿ 2001ರಲ್ಲೇ ಅವಕಾಶವಾಗಿತ್ತು.

ಟಿ.ವಿ.ಯ ಭಾಷೆಯ ಮಾತಿಗೆ ಬಂದರೆ, ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವ ಡಬ್ಬಿಂಗ್‌ನ ನಿಷೇಧದ ಬಗ್ಗೆಯೂ ಆಕರಗಳು ಗೊಂದಲಮಯವಾಗಿವೆ. 1960ರ ದಶಕದ ಕನ್ನಡ ಚಳವಳಿಯಿಂದ ಬಂದ ಈ ನಿಷೇಧ ಎಂದೂ ಕಾನೂನಾಗಿರಲಿಲ್ಲ, ಅದು ಚಿತ್ರೋದ್ಯಮದ ಕಟ್ಟಳೆ. ಕಿರುತೆರೆಗೂ ಅದು ಅನ್ವಯವಾದ್ದರಿಂದ ಹಿಂದಿ ತಿಳಿಯದ ಅಜ್ಜಿಯರು ಮಹಾಭಾರತವನ್ನು ಮೊಮ್ಮಕ್ಕಳಿಂದ ಅರ್ಥ ಹೇಳಿಸಿಕೊಂಡು ನೋಡಿದರು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ತಡೆಯ ವಿರುದ್ಧ ಆದೇಶ ಕೊಟ್ಟಿತು. ಆದರೆ ಮಹಾಭಾರತದ ಧಾರಾವಾಹಿಯೊಂದು ಕನ್ನಡ ಮಾತಾಡಿ ಮನೆ ತಲುಪಿದ್ದು 2020ರ ಲಾಕ್‌ಡೌನ್‌ನಲ್ಲಿ, ಸ್ಟಾರ್ ಸುವರ್ಣ ವಾಹಿನಿಯಲ್ಲಿ.

ಅದೇ ವರ್ಷ ಶಾಲೆ ಮುಚ್ಚಿದಾಗ ಚಂದನ ಪಾಠಗಳನ್ನು ಪ್ರಸಾರ ಮಾಡಿತು. ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಗಳಿಗಾಗಿ ಬಂದ ‘ವಿದ್ಯಾಗಮ’ ಯೋಜನೆ ಮಕ್ಕಳನ್ನು ಮೂರು ಗುಂಪು ಮಾಡಿತು: ಮನೆಯಲ್ಲಿ ಯಾವ ಸಾಧನವೂ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನ್ ಇರುವವರು, ಸ್ಮಾರ್ಟ್‌ಫೋನ್ ಮತ್ತು ಇಂಟರ್ನೆಟ್ ಎರಡೂ ಇರುವವರು. ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಸೋಂಕು ಹರಡಿದ ಕಾರಣ ಅಕ್ಟೋಬರ್‌ನಲ್ಲಿ ನಿಂತ ಈ ಯೋಜನೆ 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲೇ ಮರಳಿ ಆರಂಭವಾಯಿತು.