ಹೇಸ್‌ನ 405 ಗೆರೆಗಳು ಮತ್ತು ನಮ್ಮ ಒತ್ತಕ್ಷರ

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಹೇಸ್ ಎಂಬ ಊರಿದೆ. ನಮ್ಮ ಹಿರಿಯರ ಕಾಲದ ಗ್ರಾಮಫೋನ್ ತಟ್ಟೆಗಳ ಮೇಲೆ ನಾಯಿಯ ಚಿತ್ರವಿರುತ್ತಿತ್ತಲ್ಲ, ಆ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಕಂಪನಿಯ ದೊಡ್ಡ ಕಾರ್ಖಾನೆ ಇದ್ದದ್ದು ಅಲ್ಲೇ. 1931ರಲ್ಲಿ ಆ ಕಂಪನಿ ಕೊಲಂಬಿಯಾ ಕಂಪನಿಯೊಡನೆ ಸೇರಿ ಇಎಂಐ ಆಯಿತು. ಹಾಡಿಗೆ ಹೆಸರಾದ ಈ ಊರಿನ ಕತೆ ಗೊತ್ತಿದ್ದರೆ, ಇಂದು ನಮ್ಮ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮಸುಕಾಗಿ ಕಾಣುವುದೇಕೆ ಎಂಬುದು ಸುಲಭವಾಗಿ ತಿಳಿಯುತ್ತದೆ.

ಹೇಸ್‌ನಲ್ಲಿ ಐಸಾಕ್ ಶೋನ್‌ಬರ್ಗ್ ಅವರ ತಂಡ ಟೆಲಿವಿಷನ್ ರೂಪಿಸುತ್ತಿತ್ತು. ಚಿತ್ರವನ್ನು ಅಡ್ಡ ಗೆರೆಗಳಾಗಿ ಸೀಳಿ ಕಳಿಸಿ, ಪರದೆಯ ಮೇಲೆ ಮತ್ತೆ ಜೋಡಿಸುವುದು ಅದರ ಮೂಲ ತತ್ವ. ಗೆರೆ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ. 1936ರ ನವೆಂಬರ್ 2ರಂದು ಬಿಬಿಸಿ ಪ್ರಸಾರ ಆರಂಭಿಸಿದಾಗ ಬೇರ್ಡ್ ಅವರ 240 ಗೆರೆಯ ವ್ಯವಸ್ಥೆಗೂ ಮಾರ್ಕೋನಿ-ಇಎಂಐಯ 405 ಗೆರೆಯ ವ್ಯವಸ್ಥೆಗೂ ಪೈಪೋಟಿ ನಡೆಯಿತು. 1937ರ ಫೆಬ್ರವರಿಯಲ್ಲಿ 405 ಗೆದ್ದಿತು. ಬ್ರಿಟನ್ನಿನಲ್ಲಿ ಅದು 1985ರವರೆಗೂ ಬಾಳಿತು.

ಅದೇ ಇಎಂಐಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಮುಂದೆ ಸಿಟಿ ಸ್ಕ್ಯಾನ್ ಯಂತ್ರ ಕಟ್ಟಿದರು. 1971ರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ಮೂಡಿದ್ದು ಉದ್ದಕ್ಕೆ 80, ಅಗಲಕ್ಕೆ 80, ಅಂದರೆ ಬರೀ 6,400 ಚೌಕಗಳಲ್ಲಿ. ಒಂದು ಚೌಕದೊಳಗೆ ಎರಡು ಬಗೆಯ ವಸ್ತು ಬಂದರೆ ಯಂತ್ರ ಎರಡರ ನಡುವಿನ ಬೂದು ಬಣ್ಣ ತೋರಿಸುತ್ತದೆ. ಕಂಪ್ಯೂಟರ್ ಪರದೆಯ ಅಕ್ಷರದ ಅಂಚಿನಲ್ಲೂ ನಡೆಯುವುದು ಇದೇ. ಚುಕ್ಕೆಯನ್ನು ಅಕ್ಷರ ಅರ್ಧ ಮಾತ್ರ ಮುಚ್ಚಿದರೆ ಅದು ಬೂದಾಗುತ್ತದೆ. ಅಂಥ ಬೂದು ಹೆಚ್ಚಾದರೆ ನಮ್ಮ ಕಣ್ಣಿಗೆ ಮಸುಕು.

ಈಗ ಕನ್ನಡಕ್ಕೆ ಬರೋಣ. ಇಂಚಿಗೆ 96 ಚುಕ್ಕೆಯ ಪರದೆಯಲ್ಲಿ 12 ಪಾಯಿಂಟ್ ಅಕ್ಷರಕ್ಕೆ ಸಿಗುವುದು 16 ಗೆರೆ. ಇಂಗ್ಲಿಷ್ ಅಕ್ಷರಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ, ಅವಕ್ಕೆ ಅಷ್ಟು ಸಾಕು. ನಮ್ಮ ಲಿಪಿ ಮೇಲೆ ಕೆಳಗೆ ಬೆಳೆಯುತ್ತದೆ. ತಲೆಕಟ್ಟು, ಗುಡಿಸು, ಅಕ್ಷರದ ಮೈ, ಅದರ ಕೆಳಗೆ ಒತ್ತು, ಎಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಅಕ್ಷರದ ಬುಡದ ಒಂದು ಸಣ್ಣ ಸೀಳು. ಆ ಸೀಳು ಬೂದಿನಲ್ಲಿ ಕರಗಿದರೆ ಧನ ದನವಾಗುತ್ತದೆ, ಭೀಮಪ್ಪ ಬೀಮಪ್ಪನಾಗುತ್ತಾನೆ. ಊರಿನ ಜಮೀನಿನ ಪಹಣಿಯನ್ನು ದೂರದೇಶದಲ್ಲಿ ಕೂತು ಪರದೆಯ ಮೇಲೆ ಓದುವ ನಮಗೆ ಇದು ಸಣ್ಣ ಮಾತಲ್ಲ.

ಮಸುಕಿಗಿಂತ ಮುಂಚಿನ ತೊಂದರೆ ಅಕ್ಷರ ಒಡೆಯುವುದು. 1991ರ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಫಾಂಟ್ ಬಂತು. ಬಂದರೂ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಚೌಕಕ್ಕೆ ಗುರುತು ಹಾಕದಿದ್ದರೆ ‘ಅಕ್ಕ’ ಹೋಗಿ ‘ಅಕ್‌ಕ’ ಆಗುತ್ತಿತ್ತು. ಸ್ವಾರಸ್ಯವೆಂದರೆ ಅರಬ್ಬಿಗೆ ಬೇಕಾದ ಗುರುತೂ ಅದೇ ಚೌಕದ್ದು. ಅರಬ್ಬಿಗಾಗಿ ಆ ಗುರುತು ಹಾಕಿದ್ದ ಯಂತ್ರದಲ್ಲಿ ಕನ್ನಡದ ಒತ್ತಕ್ಷರವೂ ಸರಿಯಾಗಿ ಕೂಡುತ್ತಿತ್ತು!

ಮಸುಕಿಗೆ ಮದ್ದಾಗಿ ಮೈಕ್ರೋಸಾಫ್ಟ್ 1998ರಲ್ಲಿ ಕ್ಲಿಯರ್‌ಟೈಪ್ ಪ್ರಕಟಿಸಿತು. ಪರದೆಯ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳಿವೆ. ಅವನ್ನು ಬೇರೆಬೇರೆಯಾಗಿ ಬೆಳಗಿಸಿದರೆ ಅಡ್ಡಡ್ಡಲಾಗಿ ಮೂರು ಪಟ್ಟು ನಯ ಸಿಗುತ್ತದೆ. ಆದರೆ ಅದು ಅಡ್ಡಕ್ಕೆ ಮಾತ್ರ. ಇಂಗ್ಲಿಷಿಗೆ ಲಾಭವಾಯಿತು, ಒತ್ತಕ್ಷರಕ್ಕೆ ಅಷ್ಟಾಗಿ ಆಗಲಿಲ್ಲ. ಮೇಲೆ-ಕೆಳಗಿನ ಅಂಚನ್ನೂ ನಯಗೊಳಿಸುವ ಡೈರೆಕ್ಟ್‌ರೈಟ್ ಎಂಬ ವ್ಯವಸ್ಥೆ ಬಂದದ್ದು 2009ರ ವಿಂಡೋಸ್ 7ರಲ್ಲಿ. ಹಳೆಯ ರೀತಿಯ ತಂತ್ರಾಂಶಗಳು ಅದನ್ನು ಬಳಸುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಒಂದು ಕಡೆ ಅಕ್ಷರ ಸೊಗಸಾಗಿಯೂ ಇನ್ನೊಂದು ಕಡೆ ಒರಟಾಗಿಯೂ ಕಾಣಲು ಇದೊಂದು ಕಾರಣ.

ಹಾಗಾದರೆ ನಾವೇನು ಮಾಡಬಹುದು? ಮೊದಲು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ ನೋಡಿ. 1920×1080ರ ಪರದೆಗೆ ಅದಕ್ಕಿಂತ ಕಡಿಮೆ ಇಟ್ಟರೆ ಇಡೀ ಪರದೆಯೇ ಮಸುಕು. ಅಕ್ಷರ ಚಿಕ್ಕದೆನಿಸಿದರೆ ರೆಸಲ್ಯೂಶನ್ ಇಳಿಸಬೇಡಿ, ಸ್ಕೇಲ್ ಅನ್ನು 125 ಅಥವಾ 150ಕ್ಕೆ ಏರಿಸಿ. ಆಗ ಒಂದೊಂದು ಅಕ್ಷರಕ್ಕೂ ಹೆಚ್ಚು ಗೆರೆ ಸಿಗುತ್ತದೆ. ರೂಮಿನ ಟಿವಿಯನ್ನೇ ಪರದೆ ಮಾಡಿಕೊಂಡಿದ್ದರೆ ಟಿವಿಯ ಪಿಕ್ಚರ್ ಸೈಜ್ ಪರೀಕ್ಷಿಸಿ. ಚಿತ್ರದ ಅಂಚು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುವ ಹಳೆಯ ಟಿವಿ ಕಾಲದ ಚಾಳಿ ಈಗಿನ ಕೆಲವು ಟಿವಿಗಳಿಗೂ ಉಂಟು. ಬಳಿಕ ಸ್ಟಾರ್ಟ್‌ನಲ್ಲಿ ‘ಕ್ಲಿಯರ್‌ಟೈಪ್’ ಎಂದು ಇಂಗ್ಲಿಷಿನಲ್ಲಿ ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಒಪ್ಪುವುದನ್ನು ಆರಿಸಿ. ಕನ್ನಡಕ್ಕೆ ವಿಂಡೋಸ್ 8ರಿಂದ ಬಂದಿರುವ ‘ನಿರ್ಮಲಾ’ ಅಥವಾ ಉಚಿತವಾಗಿ ಸಿಗುವ ‘ನೋಟೋ’ ಫಾಂಟ್ ಬಳಸಿ.

ಹೇಸ್‌ನ ತಂತ್ರಜ್ಞರು 240 ಸಾಲದೆಂದು 405 ಗೆರೆ ಕೊಟ್ಟರು. ಇಂದು ಸಾಮಾನ್ಯ ಪರದೆಯಲ್ಲೂ 1080 ಗೆರೆಗಳಿವೆ. ಅವುಗಳಲ್ಲಿ ಕನ್ನಡಕ್ಕೆ ಸಲ್ಲಬೇಕಾದಷ್ಟನ್ನು ಕೊಡುವುದು ನಮ್ಮ ಕೈಯಲ್ಲಿದೆ. ಊರಿನಿಂದ ಬಂದ ಯಾವುದೇ ಕಾಗದಕ್ಕೆ ಸಹಿ ಹಾಕುವ ಮುನ್ನ ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಅಕ್ಷರದ ಬುಡ ನೋಡಿ ಓದಿ.